ಹಾಳೆಯ ಮೇಲಿಲ್ಲದ ಮಸಿ

ಮಾರ್ಚ್ ೩, ಸೋಮವಾರ
ಸಕ್ಕರೆಯಿಲ್ಲದ ಕಾಫಿ. ಕಾದಂಬರಿಯೊಂದರ ಕರಡಚ್ಚು ತಿದ್ದಲು ಕುಳಿತೆ. ನಿವೃತ್ತನಿಗೂ ಕೆಲಸ ಕಳುಹಿಸುತ್ತಾರೆ, ಸಂತೋಷ. ಆದರೆ ಪುಟದ ತುಂಬ ಮಸಿಯ ತುಂತುರು! ಮುದ್ರಣಾಲಯದ ಮೇಸ್ತ್ರಿ ಮಸಿರಾಯನಿಗೆ ದೂರವಾಣಿಯಲ್ಲೇ ಛೀಮಾರಿ ಹಾಕಿದೆ.
"ಸ್ವಾಮಿ, ಈಗೆಲ್ಲ ಕಂಪ್ಯೂಟರ್ ಪ್ರಿಂಟು. ಮಸಿ ಎಲ್ಲಿಂದ ಚೆಲ್ಲತ್ತೆ?"
ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಮಾರ್ಚ್ ೪
ಮಸಿ ಚಲಿಸುತ್ತಿದೆ. ದೃಷ್ಟಿ ಹೊರಳಿದತ್ತ ತೇಲುತ್ತದೆ. ಗೋಡೆಯ ಮೇಲೂ ಅದೇ. ನೋವು ಎಳ್ಳಷ್ಟೂ ಇಲ್ಲ. ಮನೆಯಾಕೆಗೆ ತಿಳಿಸಿದೆ.
"ಶುಗರ್ ಬಂದಾಗಿಂದ ಬಡಕೊಂಡೆ, ವರ್ಷಕ್ಕೊಂದ್ಸಲ ಕಣ್ಣು ತೋರಿಸ್ರೀ ಅಂತ. 'ಚೆನ್ನಾಗೇ ಓದ್ತೀನಲ್ಲ' ಅಂದ್ರಿ!"
ನೆಲ ಡೊಂಕಲ್ಲ.

ಮಾರ್ಚ್ ೫
ನೇತ್ರವೈದ್ಯೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ಒಳಗಿನ ಚಿತ್ರ ತೆಗೆದರು. "ನೋಡಿ ಸರ್, ನಿಮ್ಮ ರೆಟಿನಾ." ಅಕ್ಷಿಪಟಲ ಎನ್ನಬೇಕಿತ್ತು, ತಿದ್ದಲಿಲ್ಲ. ಕೆಂಪು ಚುಕ್ಕೆಗಳು, ಹಳದಿ ಕಲೆಗಳು... ಕೆಂಪು ಶಾಯಿಯಿಂದ ಯಾರೋ ನನ್ನನ್ನೇ ತಿದ್ದಿದಂತಿತ್ತು. ಸಕ್ಕರೆ ಹೆಚ್ಚಿದರೆ ಸಣ್ಣ ರಕ್ತನಾಳಗಳು ಶಿಥಿಲಗೊಂಡು ಸೋರುತ್ತವೆಯಂತೆ. ಬಳಿಕ ಹುಟ್ಟುವ ಹೊಸ ನಾಳಗಳು ತೀರ ದುರ್ಬಲ, ಒಡೆಯುತ್ತವೆ. ನಾನು ಮಸಿಯೆಂದದ್ದು ರಕ್ತ.
"ಇಂಜೆಕ್ಷನ್ ಕೊಡೋಣ, ಆಮೇಲೆ ಲೇಸರ್. ಇರೋ ದೃಷ್ಟಿ ಉಳಿಸೋಕೆ. ಹೋಗಿರೋದು ಪೂರ್ತಿ ಬರತ್ತೆ ಅಂತ ಹೇಳೋಕಾಗಲ್ಲ."
ಇನ್ನು ಕರಡು ನೋಡಬಹುದೇ ಎಂಬ ಪ್ರಶ್ನೆಯನ್ನು ಮನೆಗೇ ಹೊತ್ತು ತಂದೆ.

ಮಾರ್ಚ್ ೧೮
ಬಲಗಣ್ಣು ಮಬ್ಬು. ಎಡಗಣ್ಣಿನಲ್ಲೂ ಚುಕ್ಕೆಗಳು. ಕರಡನ್ನು ಹಿಂದಿರುಗಿಸುವೆನೆಂದೆ. ಮನೆಯಾಕೆ ಮೂಲಪ್ರತಿ ಎತ್ತಿಕೊಂಡು, ಕನ್ನಡಕ ಏರಿಸಿದಳು. "ಬಾವಿಯ ಬಳಿ ಅಲ್ಪವಿರಾಮ ಅವಳು ನಿಂತಿದ್ದಳು ಪೂರ್ಣವಿರಾಮ"—
ಅದೇ ದನಿ. ಮದುವೆಗೆ ಮುಂಚಿನ ಆ ಮುದ್ರಣಾಲಯದ ಮಾಳಿಗೆ, ಸೀಸದ ವಾಸನೆ, ಕೆಳಗೆ ಯಂತ್ರಗಳ ಧಡಧಡ. ಅವಳು ವಿರಾಮಚಿಹ್ನೆಗಳ ಸಮೇತ ಮೂಲಪ್ರತಿ ಓದುವವಳು, ನಾನು ಕರಡಿನಲ್ಲಿ ತಾಳೆ ನೋಡುವವನು. ಅಚ್ಚಿನಿಂದ ಕಣ್ಣು ಕೀಳುವಂತಿರಲಿಲ್ಲ, ದನಿಯೊಂದಕ್ಕೇ ಮನಸೋತೆ. ಒಂದು ದಿನ ಅದೇ ಧಾಟಿಯಲ್ಲಿ ಓದಿದಳು: "ಅಪ್ಪನ್ನ ಯಾವಾಗ ಬಂದು ಕೇಳ್ತೀರಿ ಪ್ರಶ್ನಾರ್ಥಕ". ಕರಡಿನಲ್ಲಿ ಆ ಸಾಲಿಲ್ಲ. 'ಬಿಟ್ಟುಹೋಗಿದೆ' ಎಂದು ಗುರುತು ಹಾಕಿಬಿಟ್ಟೆ! ಮಾಳಿಗೆಯೆಲ್ಲ ಬಿದ್ದುಬಿದ್ದು ನಕ್ಕಿತು.
ಇಂದು ನೆನಪಿಸಿದೆ. "ಪೆದ್ದು ಮುಂಡೇದು ಅನ್ಕೊಂಡಿದ್ದೆ," ಎಂದಳು. "ಈಗ ಗ್ಯಾರಂಟಿ."

ಮಾರ್ಚ್ ೨೭, ಸಂಜೆ
ನಾಳೆ ಲೇಸರ್. ತಿದ್ದಲಾದಷ್ಟು ತಿದ್ದಿ ಕರಡನ್ನು ಮಸಿರಾಯನಿಗೆ ಹಿಂದಿರುಗಿಸಿದೆ. ಕ್ಷಮೆಯನ್ನೂ ಕೇಳಿದೆ. ಮನೆಯಾಕೆ ಪತ್ರಿಕೆ ಹಿಡಿದು ಬಂದಳು. "ಬೆಳಕಿಗೆ ಕೂತ್ಕೋ" ಎಂದೆ.
"ನನಗೆ ಕಾಣತ್ತೆ ಕಣ್ರೀ."
"ನನಗೆ ಕಾಣಲಿ ಅಂತ."
ಬೆಳಕಿಗೆ ಸರಿದು ಕುಳಿತಳು, ಓದಿದಳು. ನನ್ನ ಮುಂದೆ ತಾಳೆ ನೋಡಲು ಹಾಳೆಯಿರಲಿಲ್ಲ. ಅವಳನ್ನೇ ನೋಡಿದೆ. ಕಿವಿಯ ಕೆಳಗೊಂದು ಕಪ್ಪು ಚುಕ್ಕೆ. ಕಣ್ಣು ಹೊರಳಿಸಿದೆ, ಅದು ಕದಲಲಿಲ್ಲ. ಮಚ್ಚೆ! ಇಷ್ಟು ವರ್ಷ ನಾನು ಇದನ್ನು ನೋಡದೆ ಬಿಟ್ಟಿದ್ದೆ.