ಮೆಣಸು ಕೇಳಿದರೆ

ಚಲುವಿ,

ನೀನು ಹೊಳೆಯಿಂದ ಬರುವಷ್ಟರಲ್ಲಿ ನಾನು ಕುಶಾಲನಗರದ ಅಂಗಡಿಗೆ ಹೊರಟಿರುತ್ತೇನೆ. ಎರಡು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದೀಯ, ಅದಕ್ಕೇ ಚೀಟಿ.

ಕರುವನ್ನು ನೆರಳಿಗೆ ಕಟ್ಟು. ಬೆಲ್ಲದ ಡಬ್ಬಿಗೆ ಇರುವೆ ಹತ್ತಿದೆ, ನೀರಿನ ತಟ್ಟೆಯಲ್ಲಿಡು. ಮಗುವಿನ ಕೆಮ್ಮಿಗೆ ಸಾರು ಮಾಡಲು ಹುಣಸೆ ನೆನೆಹಾಕು. ಈ ಸಲ ಮೆಣಸು ತಂದೇ ತರುತ್ತೇನೆ.

ಮೊನ್ನೆ ನಾನು ತಂದ ಪೊಟ್ಟಣ ಬಿಚ್ಚಿ, ಕರಿಕಾಳಿನ ಬದಲು ಒಣಮೆಣಸಿನಕಾಯಿ ಕಂಡು, ನನ್ನನ್ನು ಕಿವುಡ ಅಂದೆ, ಅಂಗಡಿಯವನನ್ನು ಮೋಸಗಾರ ಅಂದೆ. ನಿನ್ನೆ ಅದೇ ಅಂಗಡಿಯ ಮೊಯ್ದು ಕಾಕ ದಾರಿಯಲ್ಲಿ ಸಿಕ್ಕಿದ. ಕೇಳಿಯೇಬಿಟ್ಟೆ.

"ನೀವು ಮೆಣಸು ಅಂದ್ರಿ, ಮೆಣಸು ಕೊಟ್ಟೆ. ಕರಿಕಾಳು ಬೇಕಾದ್ರೆ ಒಳ್ಳೆ ಮೆಣಸು ಅಂತ ಕೇಳ್ಬೇಕಲ್ಲ?" ಅಂದ.

ನೋಡು, ಹೊಳೆಯ ಸೇತುವೆ ದಾಟಿ ಆಚೆ ನಮ್ಮ ಮೈಸೂರು ಸೀಮೆಯಲ್ಲಿ ಮೆಣಸು ಅಂದರೆ ಕಾಳು. ಈಚೆ ಕೊಡಗಿಗೆ ಕಾಲಿಟ್ಟರೆ ಅದೇ ಮಾತಿಗೆ ಕಾಯಿ ಸಿಗುತ್ತದೆ.

"ಹಾಗಾದರೆ ಇದು ಕೆಟ್ಟ ಮೆಣಸೋ?" ಅಂದೆ.

"ಕೆಟ್ಟದ್ದಲ್ಲ. ಪರಂಗಿಯವರು ತಂದದ್ದು. ಕಾಳು ಮೊದಲಿಂದ ಇಲ್ಲಿಯದ್ದೇ."

ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿಂದಲೋ ಬಂದದ್ದಕ್ಕೆ ಬರೀ ಮೆಣಸು ಅಂದರೆ ಸಾಕು. ಇಲ್ಲೇ ಹುಟ್ಟಿದ್ದು ತನ್ನ ಗುರುತಿಗೆ 'ಒಳ್ಳೆ' ಅಂತ ಸೇರಿಸಿಕೊಳ್ಳಬೇಕು. ಇದು ಹೇಗಾಯಿತು, ಎಷ್ಟು ಕಾಲ ಹಿಡಿಯಿತು?

ಈ ಊರಿನ ಮಾತು ನಮಗೆ ಹೊಂದುವುದಿಲ್ಲ, ಹುಣಸೂರಿಗೇ ವಾಪಸು ಹೋಗುತ್ತೇನೆ ಎಂದು ಸೀರೆ ಗಂಟು ಕಟ್ಟಿದ್ದೀಯ. ನಾವು ಬಂದು ಇನ್ನೂ ವರ್ಷ ತುಂಬಿಲ್ಲ. ಮೆಣಸಿನಕಾಯಿಯನ್ನೂ ಮೊದಲ ವರ್ಷ ಯಾರೂ ಹೆಸರು ಹಿಡಿದು ಕರೆದಿರಲಾರರು.

ಗಂಟು ಬಿಚ್ಚು. ಆ ಮೆಣಸಿನಕಾಯಿಯನ್ನೂ ಎಸೆಯಬೇಡ.