ಒದ್ದೆ ಅಂಗಿ

ಗುರುವಾರ, ಮಾರ್ಚ್ ೧೨

ಡಯಾಲಿಸಿಸ್ ಟೆಕ್ನಿಷಿಯನ್ನನ್ನು ಸುಮ್ಮಸುಮ್ಮನೆ ಬೈದುಬಿಟ್ಟೆ, ಅದೇ ಕೊರೆಯುತ್ತಿದೆ. ಅಂಗಿಯ ಎದೆಭಾಗ ಒದ್ದೆಯಾಗಿತ್ತು. "ನಿಮ್ಮ ಪೈಪು ಸೋರ್ತಿದೆ, ಕಣ್ಣು ಮನೇಲಿಟ್ಟು ಬಂದಿದೀರಾ?" ಎಂದೆ. ಪಾಪ, ಆತ ಒಂದೊಂದು ಜೋಡಣೆಯನ್ನೂ ಮುಟ್ಟಿ ನೋಡಿದ. ಎಲ್ಲ ಒಣಗಿಯೇ ಇತ್ತು. ಕೊನೆಗೆ ನರ್ಸಕ್ಕ ಪರದೆ ಎಳೆದು ನೋಡಿ, "ಇದು ಹಾಲು ಕಣಮ್ಮ" ಎಂದಳು.

ವರ್ಷದಿಂದ ಮುಟ್ಟೇ ಇಲ್ಲದವಳಿಗೆ ಹಾಲು.

ಡಾಕ್ಟರಮ್ಮ ಮೆತ್ತಗೆ ಹೇಳಿದರು. "ಹಾಲು ಬರಿಸೋ ಹಾರ್ಮೋನು ಎಲ್ಲರಲ್ಲೂ ಸ್ವಲ್ಪ ಇರತ್ತೆ. ಕಿಡ್ನಿ ಅದನ್ನ ಖಾಲಿ ಮಾಡ್ತಿರತ್ತೆ. ನಿಮ್ಮದು ಕೈಬಿಟ್ಟಿದೆಯಲ್ಲ, ರಕ್ತದಲ್ಲೇ ಉಳ್ಕೊಂಡಿದೆ. ಮುಟ್ಟು ನಿಲ್ಲೋದಕ್ಕೆ ಅದೂ ಒಂದು ಕಾರಣ."

"ಮತ್ತೆ ಈ ಮೆಷಿನ್ನು ಯಾಕಿರೋದು?"

"ಅದರ ಜರಡೀಲಿ ಇದು ಇಳಿಯಲ್ಲಮ್ಮ. ಇದರ ಕಣ ದಪ್ಪ."

ಹೊರಗೆ ಬೆಂಚಿನ ಮೇಲೆ ಇವರು ಕಾಯುತ್ತಿದ್ದರು. "ಎದೇಲಿ ಹಾಲು ಬಂದಿದೆಯಂತೆ" ಎಂದಷ್ಟೇ ಹೇಳಿ ಉಸಿರು ತೆಗೆದುಕೊಳ್ಳಲು ನಿಂತೆ. ಅಷ್ಟರಲ್ಲಿ ಇವರ ಮುಖ ಅರಳಿಬಿಟ್ಟಿತು. ಮದುವೆಯಾದ ಹೊಸತರಲ್ಲಿ ನೋಡಿದ್ದ ಮುಖ. ಉಳಿದದ್ದನ್ನೂ ನಾನೇ ಹೇಳಬೇಕಾಯಿತು.

"ಗೊತ್ತಿತ್ತು ಬಿಡು, ನಂಗೇನೂ ಅನ್ನಿಸ್ಲಿಲ್ಲ" ಎಂದರು. ಬಸ್ಸಿನವರೆಗೂ ನನ್ನ ಚೀಲ ಹೊತ್ತು ಮುಂದೆ ಮುಂದೆ ನಡೆದರು, ಒಮ್ಮೆಯೂ ತಿರುಗಲಿಲ್ಲ.

ಈಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ನಿದ್ದೆ ಬಂದಿಲ್ಲ, ಉಸಿರಿನಲ್ಲೇ ತಿಳಿಯುತ್ತದೆ. ಒಗೆದ ಅಂಗಿ ಕುರ್ಚಿಯ ಮೇಲೆ ಆರುತ್ತಿದೆ. ತೊಟ್ಟಿರುವುದೂ ಮತ್ತೆ ಒದ್ದೆಯಾಗಿದೆ. ಬದಲಾಯಿಸಲು ಎದ್ದರೆ ಇವರಿಗೆ ಗೊತ್ತಾಗುತ್ತದೆ. ಅದಕ್ಕೇ ಹೀಗೆ ಕೂತು ಬರೆಯುತ್ತಿದ್ದೇನೆ.