ಒಣಗಿದ ಹೊಟ್ಟು, ತುಂಬಿದ ಬಾಟಲಿ

ಸಂಶೋಧನಾಲಯದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಔಷಧದಿಂದ ಆ ಏಳು ಇಲಿಗಳ ಸಕ್ಕರೆ ಕಾಯಿಲೆ ವಾಸಿಯಾಗಲಿಲ್ಲ. ಅವು ನೀರಿಲ್ಲದೆ ಸತ್ತವು. ಕೊಂದವನು ನಾನು. ಅದನ್ನು ಗೆಲುವೆಂದು ಸಾರಿದವರು ನೀವು.

ನಿಮ್ಮ ಇಲಿಮನೆಯಲ್ಲಿ ಪಂಜರ ತೊಳೆಯುವುದು ನನ್ನ ಕೆಲಸ. ಆ ಇಲಿಗಳ ತಳಿಯ ಮರಿಗಳಿಗೆ ತಿಂಗಳು ತುಂಬುವಷ್ಟರಲ್ಲಿ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಕೋಶಗಳು ಗುಂಪುಗುಂಪಾಗಿ ಸಾಯುತ್ತವೆ. ಆಮೇಲೆ ಕುಡಿದದ್ದೇ ಕುಡಿದದ್ದು, ಉಚ್ಚೆ ಹೊಯ್ದದ್ದೇ ಹೊಯ್ದದ್ದು. ಹಾಸಿದ ಮರದ ಹೊಟ್ಟು ದಿನವೂ ಕೆಸರು. ನೀರಿನ ಬಾಟಲಿ ತಲೆಕೆಳಗೆ ಸಿಕ್ಕಿಸಿದ ಮೇಲೆ ನಳಿಕೆಯ ತುದಿಯ ಗುಂಡನ್ನು ಬೆರಳಲ್ಲಿ ಒತ್ತಿ ನೋಡಬೇಕು. ಬೆರಳು ಒದ್ದೆಯಾದರೆ ಸರಿ; ಇಲ್ಲದಿದ್ದರೆ ಗುಂಡು ಸಿಕ್ಕಿಕೊಂಡಿದೆ, ನೀರು ಇಳಿಯದು. ಆ ಗುರುವಾರ ಏಳೂ ಇದ್ದ ಪಂಜರದಲ್ಲಿ ನಾನು ಒತ್ತಲಿಲ್ಲ. ಆತುರ. ಶಾಲೆ ಬಿಟ್ಟದ್ದೂ ಇದೇ ಆತುರದಲ್ಲಿ.

ಶುಕ್ರವಾರ ಹೊಟ್ಟು ಒಣಗಿತ್ತು. ಬದಲಿಸುವ ಕೆಲಸ ತಪ್ಪಿತೆಂದು ನಾನು ಖುಷಿಪಟ್ಟೆ, ರೋಗ ಹೋಯಿತೆಂದು ನೀವು. ರಕ್ತ ಪರೀಕ್ಷೆ ಸೋಮವಾರವಿತ್ತು. ಅಷ್ಟು ಓದಿದವರಿಗೆ ಕಾಯಲು ಪುರುಸೊತ್ತೆಲ್ಲಿ? ಶನಿವಾರವೇ ರೋಗಿ ಮಕ್ಕಳ ತಾಯಂದಿರನ್ನು ಸಭಾಂಗಣದಲ್ಲಿ ಕೂರಿಸಿ, ಮೈಕು ಹಿಡಿದು, "ಇಲಿಗಳು ಗುಣಮುಖವಾಗಿವೆ" ಎಂದಿರಿ. ಒಣ ಹೊಟ್ಟು ಕಂಡರೆ ಗುಣ ಎನ್ನುವುದಾದರೆ, ಸ್ಮಶಾನದಲ್ಲಿ ಒಬ್ಬರಿಗೂ ಕಾಯಿಲೆಯಿಲ್ಲ ಎಂದೂ ಸಾರಿಬಿಡಿ! ಮೂರನೇ ಸಾಲಿನಲ್ಲಿ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದವಳು ನನ್ನಮ್ಮ. ಒಂಬತ್ತು ವರ್ಷದ ನನ್ನ ತಂಗಿಗೆ ದಿನಕ್ಕೆ ನಾಲ್ಕು ಇನ್ಸುಲಿನ್ ಸೂಜಿ.

ಸೋಮವಾರ ಏಳೂ ಸೆಟೆದು ಬಿದ್ದಿದ್ದವು. ಬಾಟಲಿ ಕಂಠದವರೆಗೆ ತುಂಬಿತ್ತು. ಅದನ್ನೇ ಎತ್ತಿಕೊಂಡು ನಿಮ್ಮ ಕೋಣೆಗೆ ಬಂದೆ.

"ತಪ್ಪು ನಂದೇ ಸಾರ್. ಆ ತಾಯಂದಿರಿಗೆ ಹೇಳ್ಬಿಡಿ."

"ಎಷ್ಟನೇ ಕ್ಲಾಸು ಓದಿದೀಯೋ?"

"ಒಂಬತ್ತು."

"ಹಾಗಾದ್ರೆ ಪಂಜರ ತೊಳಿ. ವಿಜ್ಞಾನ ನಾವ್ ನೋಡ್ಕೋತೀವಿ."

ನೋಡಿಕೊಂಡಿರಿ. ಸಾವಿಗೆ "ಬೇರೆ ಕಾರಣ" ಎಂದು ಬರೆಸಿದಿರಿ. ಇಲಿಮನೆಯ ದಿನಚರಿಯಲ್ಲಿ ನನ್ನ ತಪ್ಪನ್ನು ನಾನು ಬರೆದಿಟ್ಟ ಹಾಳೆ ಮಾಯವಾಯಿತು.

ಅಷ್ಟರಲ್ಲಿ ಅಮ್ಮ ತಂಗಿಯ ಸೂಜಿ ತಪ್ಪಿಸಿದ್ದಳು. "ಔಷಧ ಬಂದೇಬಿಡ್ತಂತಲ್ಲೋ. ಮಗು ಮೈಯೆಲ್ಲ ಜರಡಿ ಆಗಿದೆ, ಒಂದಿನ ಬಿಡುವು ಕೊಟ್ಟೆ" ಎಂದಳು. ಆ ಬಿಡುವು ಮೂರು ದಿನದ ಆಸ್ಪತ್ರೆವಾಸದಲ್ಲಿ ಮುಗಿಯಿತು. ಮನೆಗೆ ಬಂದ ತಂಗಿ ಕೇಳಿದಳು: "ಅಣ್ಣಾ, ನಿನ್ನ ಇಲಿಗಳಿಗೂ ನನ್ನಷ್ಟೇ ಬಾಯಾರಿತ್ತಾ?"

ಉಳಿದ ಮನೆಗಳಲ್ಲಿ ಇನ್ನೆಷ್ಟು ಅಮ್ಮಂದಿರು ಬಿಡುವು ಕೊಡುತ್ತಿದ್ದಾರೋ, ನಿಮಗೇನಾದರೂ ಗೊತ್ತೇ?

ನನ್ನನ್ನು ಕೆಲಸದಿಂದ ತೆಗೆಯಿರಿ, ತಕ್ಕದ್ದೇ. ಆದರೆ ಈ ಶನಿವಾರ ಅದೇ ಸಭಾಂಗಣದಲ್ಲಿ, ಅದೇ ಮೈಕಿನಲ್ಲಿ, ಅದೇ ತಾಯಂದಿರಿಗೆ ನಿಜ ಹೇಳಿ. ಮೂರನೇ ಸಾಲಿನಲ್ಲಿ ಅಮ್ಮನ ಪಕ್ಕ ನಾನೂ ಇರುತ್ತೇನೆ, ಆ ಬಾಟಲಿ ಹಿಡಿದುಕೊಂಡು. ಅದರ ನೀರನ್ನು ನಾನಿನ್ನೂ ಚೆಲ್ಲಿಲ್ಲ.

ಇಂತಿ,
ಒಮ್ಮೆ ಬೆರಳು ಒತ್ತಿ ನೋಡದ
ನಿಮ್ಮ ಪಂಜರ ತೊಳೆಯುವವನು